ಕತೆ ಮಾರಾಟದಿಂದ ವರ್ಲ್ಡ್‌ಕಾನ್‌ವರೆಗೆ: ಉತ್ತರ ಕನ್ನಡದ ಸೈಫೈ, ಫ್ಯಾಂಟಸಿ ಬರಹಗಾರರಿಗೆ ಸಮಗ್ರ ಮಾರ್ಗದರ್ಶಿ

ಕೈಯಲ್ಲಿ ಎರಡು ಮೂರು ವಿಜ್ಞಾನ ಕತೆ (ಸೈಫೈ) ಅಥವಾ ಫ್ಯಾಂಟಸಿ ಕತೆ ಬರೆದಿಟ್ಟುಕೊಂಡು, ಇನ್ನು ಇವನ್ನು ಏನು ಮಾಡುವುದು ಎಂದು ಯೋಚಿಸುತ್ತಿರುವವರಿಗೆ ಈ ಬರಹ. ಕಾರವಾರ, ಕುಮಟಾ, ಶಿರಸಿ, ಯಲ್ಲಾಪುರ ಕಡೆ ಇಂಥವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಶಾಲೆಯಲ್ಲಿ ಕಲಿಸುವವರಿದ್ದಾರೆ, ಕೈಗಾದಲ್ಲಿ ಪಾಳಿ ಮುಗಿಸಿ ಬಂದು ಬರೆಯುವವರಿದ್ದಾರೆ, ಅಡಿಕೆ ಸುಲಿಯುವ ದಿನಗಳು ಕಳೆದ ಮೇಲೆ ಪೆನ್ನು ಹಿಡಿಯುವವರಿದ್ದಾರೆ. ಬರೆಯುವುದನ್ನು ಓದಿ ಓದಿ ಕಲಿಯಬಹುದು. ಬರೆದ ಮೇಲಿನ ಕೆಲಸವನ್ನು ಹೇಳಿಕೊಡುವವರು ಕಡಿಮೆ. ಕತೆಯನ್ನು ಯಾರಿಗೆ ಕಳಿಸಬೇಕು, ಯಾವ ಹಕ್ಕು ಕೊಡಬೇಕು, ದುಡ್ಡು ಹೇಗೆ ಬರುತ್ತದೆ, ಆ ದುಡ್ಡಿನಲ್ಲಿ ಯಾವ ಸಮ್ಮೇಳನಕ್ಕೆ ಹೋದರೆ ಬರವಣಿಗೆಗೆ ಒಳ್ಳೆಯದು? ಇವನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಮನಸ್ಸಿಗೆ ಬರಬೇಕು. ಕತೆ ಮಾರುವುದು ಎಂದರೆ ತೋಟದ ಫಸಲನ್ನು ಗುತ್ತಿಗೆಗೆ ಕೊಟ್ಟ ಹಾಗೆ. ಈ ವರ್ಷದ ಅಡಿಕೆ ಗೊನೆ ಒಬ್ಬರು ಕೊಯ್ದುಕೊಂಡರೂ ತೋಟ ನಿಮ್ಮದೇ. ಮುಂದಿನ ವರ್ಷ ಇನ್ನೊಬ್ಬರಿಗೆ ಕೊಡಬಹುದು. ಕತೆಯೂ ಹಾಗೇ. ಮೊದಲ ಸಲ ಅಚ್ಚಾಗುವ ಹಕ್ಕು, ಮರುಮುದ್ರಣ, ಅನುವಾದ, ಆಡಿಯೋ, ಸಿನಿಮಾ, ಇವೆಲ್ಲ ಬೇರೆ ಬೇರೆ. ತೋಟವನ್ನೇ ಬರೆದುಕೊಡುವ ಕಾಗದಕ್ಕೆ ಸಹಿ ಹಾಕಬೇಡಿ.

ಹೆಜ್ಜೆ 1: ಕತೆಗಳ ಲೆಕ್ಕ ಇಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಅಥವಾ ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಪ್ರತಿ ಕತೆಗೆ ಒಂದು ಸಾಲು. ಕತೆಯ ಹೆಸರು, ಭಾಷೆ, ಪದಗಳ ಸಂಖ್ಯೆ, ಎಲ್ಲಿಗೆ ಕಳಿಸಿದಿರಿ, ಯಾವ ತಾರೀಖು, ಏನು ಉತ್ತರ ಬಂತು, ಯಾವ ಹಕ್ಕು ಕೊಟ್ಟಿರಿ, ಅದು ಯಾವಾಗ ವಾಪಸ್ ನಿಮಗೆ ಬರುತ್ತದೆ, ಹಣ ಬಂತಾ. ಇಷ್ಟು ಸಾಕು.

ಪದಗಳ ಸಂಖ್ಯೆಯನ್ನು ಸರಿಯಾಗಿ ಬರೆಯಿರಿ. ಹೊರದೇಶದ ಪತ್ರಿಕೆಗಳು ಪದದ ಲೆಕ್ಕದಲ್ಲಿ ಹಣ ಕೊಡುತ್ತವೆ. ಪ್ರಶಸ್ತಿಗಳ ವಿಭಾಗವೂ ಪದದ ಮೇಲೆಯೇ ನಿಂತಿದೆ. ವರ್ಲ್ಡ್‌ಕಾನ್ ಎಂಬ ಜಾಗತಿಕ ಸಮ್ಮೇಳನದಲ್ಲಿ ಸೈಫೈ, ಫ್ಯಾಂಟಸಿ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯಲ್ಲಿ 7,500 ಪದದ ಒಳಗಿದ್ದರೆ ಸಣ್ಣಕತೆ, 7,500ರಿಂದ 17,500ರವರೆಗೆ ನಾವೆಲೆಟ್, ಅಲ್ಲಿಂದ 40,000ದವರೆಗೆ ನಾವೆಲ್ಲಾ. ಕನ್ನಡದಲ್ಲಿ 3,000 ಪದ ಇದ್ದ ಕತೆ ಇಂಗ್ಲಿಷಿಗೆ ಹೋದಾಗ ಸುಲಭವಾಗಿ 4,000 ದಾಟುತ್ತದೆ. ನಮ್ಮ ಒಂದು ಪದದಲ್ಲಿ ಅವರ ಮೂರು ಪದ ಸೇರಿರುತ್ತವೆ. ಹಾಗಾಗಿ ಎರಡೂ ಭಾಷೆಯ ಎಣಿಕೆ ಬೇರೆ ಬೇರೆ ಇರಲಿ.

ಇಂಗ್ಲಿಷಿಗೆ ಕಳಿಸುವವರಿಗೆ ಸಬ್ಮಿಷನ್ ಗ್ರೈಂಡರ್ ಎಂಬ ಉಚಿತ ತಾಣ ಇದೆ. ಯಾವ ಪತ್ರಿಕೆ ಈಗ ಕತೆ ತೆಗೆದುಕೊಳ್ಳುತ್ತಿದೆ, ಎಷ್ಟು ದಿನಕ್ಕೆ ಉತ್ತರ ಕೊಡುತ್ತಿದೆ ಎಂಬುದನ್ನು ಅಲ್ಲಿ ನೋಡಬಹುದು, ನಿಮ್ಮ ಕತೆಗಳ ಲೆಕ್ಕವನ್ನೂ ಇಡಬಹುದು. ಆದರೂ ನಿಮ್ಮ ಸ್ವಂತ ಪುಸ್ತಕ ಬೇಕೇ ಬೇಕು. ಹಕ್ಕಿನ ವಿವರ ನಿಮ್ಮ ಬಿಟ್ಟು ಬೇರೆ ಯಾರೂ ಬರೆದಿಡುವುದಿಲ್ಲ.

ಹೆಜ್ಜೆ 2: ಹಕ್ಕು ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬರಹಗಾರರಿಗೆ ನಷ್ಟ ಆಗುವುದು ಹೆಚ್ಚಾಗಿ ಇಲ್ಲೇ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದ್ದು. ಕತೆ ಬರೆದ ಕ್ಷಣದಿಂದ ಹಕ್ಕು ನಿಮ್ಮದು. ಅದಕ್ಕೆ ನೋಂದಣಿ ಕಡ್ಡಾಯ ಅಲ್ಲ. ನಿಮ್ಮ ಜೀವಿತಕಾಲ ಪೂರ್ತಿ, ಆಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಅಂದರೆ ಇವತ್ತು ನೀವು ಬರೆದದ್ದು ಮೊಮ್ಮಕ್ಕಳ ಕಾಲಕ್ಕೂ ಆಸ್ತಿಯೇ.

ಕಾಯಿದೆಯ 19ನೇ ಕಲಮನ್ನು ಪ್ರತಿಯೊಬ್ಬ ಬರಹಗಾರರೂ ತಿಳಿದಿರಬೇಕು. ಹಕ್ಕನ್ನು ಇನ್ನೊಬ್ಬರಿಗೆ ವರ್ಗ ಮಾಡುವುದಾದರೆ ಅದು ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆದಿಲ್ಲದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಲೆಕ್ಕ ಹಾಕುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತೆಗೆದುಕೊಂಡವರು ಒಂದು ವರ್ಷದ ಒಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ಎಷ್ಟೋ ಕತೆಗಳು ಯಾರದೋ ಮೇಜಿನ ಖಾನೆಯಲ್ಲಿ ಉಳಿದುಬಿಟ್ಟಿವೆ ಎಂದು ನಾವು ಕೈಚೆಲ್ಲಿರುತ್ತೇವೆ. ಅವುಗಳಲ್ಲಿ ಹಲವು ಈಗ ವಾಪಸ್ ನಿಮ್ಮದಾಗಿರಬಹುದು.

57ನೇ ಕಲಮಿನ ಪ್ರಕಾರ, ಹಕ್ಕನ್ನು ಪೂರ್ತಿ ಬರೆದುಕೊಟ್ಟ ಮೇಲೂ 'ಇದನ್ನು ಬರೆದದ್ದು ನಾನು' ಎಂದು ಹೇಳುವ ಹಕ್ಕು ನಿಮ್ಮ ಬಳಿಯೇ ಉಳಿಯುತ್ತದೆ. ಕಿರುಚಿತ್ರ ಮಾಡುವ ಹುಡುಗರು ಬಂದು 'ಕತೆ ಕೊಡಿ, ದುಡ್ಡು ಆಮೇಲೆ ನೋಡೋಣ' ಎಂದರೆ ಈ ಮಾತು ನೆನಪಿರಲಿ. ಪ್ರೀತಿಯಿಂದ ಕೊಡಿ, ಆದರೆ ಒಂದು ಕಾಗದದ ಮೇಲೆ ಬರೆದು ಕೊಡಿ. ಯಾವ ಕತೆ, ಎಷ್ಟು ವರ್ಷ, ಕಿರುಚಿತ್ರಕ್ಕೆ ಮಾತ್ರ, ಹೆಸರು ಹಾಕಬೇಕು. ನಾಲ್ಕು ಸಾಲು.

ಈಗ ಹೊರದೇಶದ ಒಪ್ಪಂದಗಳು. ಒಳ್ಳೆಯ ಪತ್ರಿಕೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಮೊದಲ ಸಲ ಪ್ರಕಟಿಸುವ ಹಕ್ಕು ಕೇಳುತ್ತವೆ. ಜೊತೆಗೆ ಕೆಲವು ತಿಂಗಳು ಬೇರೆಲ್ಲೂ ಪ್ರಕಟಿಸಬಾರದು ಎಂಬ ಷರತ್ತು ಇರುತ್ತದೆ. ಆ ಅವಧಿ ಮುಗಿದ ಮೇಲೆ ಕತೆ ಮತ್ತೆ ನಿಮ್ಮ ಕೈಗೆ. ಆ ತಾರೀಖನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಒಪ್ಪಂದದಲ್ಲಿ 'ಎಲ್ಲ ಹಕ್ಕುಗಳು', 'ಶಾಶ್ವತವಾಗಿ', 'ಎಲ್ಲ ಮಾಧ್ಯಮಗಳಲ್ಲಿ' ಎಂಬ ಅರ್ಥದ ಮಾತು ಕಂಡರೆ ನಿಲ್ಲಿ. ಎಐ ತರಬೇತಿಗೆ ಬಳಸಬಹುದು ಎಂಬ ಸಾಲು ಎಲ್ಲಾದರೂ ಇದೆಯಾ ಎಂದೂ ನೋಡಿ. ಬೇಡ ಅನಿಸಿದರೆ ವಿನಯದಿಂದ ಆ ಸಾಲು ತೆಗೆಯಲು ಕೇಳಬಹುದು. ಕೇಳಿದ ಮಾತ್ರಕ್ಕೆ ಯಾವ ಒಳ್ಳೆಯ ಸಂಪಾದಕರೂ ಕತೆ ವಾಪಸ್ ಕಳಿಸುವುದಿಲ್ಲ.

ಹೆಜ್ಜೆ 3: ಕನ್ನಡದ ಪತ್ರಿಕೆಗಳು

ಮಯೂರ, ತುಷಾರ, ಕಸ್ತೂರಿ ಮಾಸಿಕಗಳು. ಸುಧಾ, ತರಂಗ ವಾರಪತ್ರಿಕೆಗಳು. ಇವುಗಳ ಜೊತೆಗೆ ದಿನಪತ್ರಿಕೆಗಳ ಭಾನುವಾರದ ಪುರವಣಿ, ಯುಗಾದಿ ಮತ್ತು ದೀಪಾವಳಿ ವಿಶೇಷಾಂಕಗಳು. ವಿಜ್ಞಾನ ಕತೆಗೇ ಮೀಸಲಾದ ಜಾಗ ಕಡಿಮೆ, ನಿಜ. ಆದರೆ ಸಂಪಾದಕರು ಓದುವುದು ಕತೆಯನ್ನು. ಅದರಲ್ಲಿ ರಾಕೆಟ್ ಇದೆಯಾ ದೆವ್ವ ಇದೆಯಾ ಎಂಬುದು ಆಮೇಲಿನ ಮಾತು. ಮೊದಲ ಪುಟದಲ್ಲಿ ಮನುಷ್ಯರು ಕಾಣಲಿ, ಯಂತ್ರ ಎರಡನೇ ಪುಟದಲ್ಲಿ ಬರಲಿ.

ಕಳಿಸುವ ಮೊದಲು ಆ ಪತ್ರಿಕೆಯ ಇತ್ತೀಚಿನ ಸಂಚಿಕೆ ತೆಗೆದು ಒಂದು ಕತೆಯ ಪದಗಳನ್ನು ಎಣಿಸಿ. ಅದೇ ನಿಮ್ಮ ಅಳತೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ. ನುಡಿ ತಂತ್ರಾಂಶದ ಅಕ್ಷರದಲ್ಲಿ ಬೇಕು ಎಂದು ಕೇಳಿದರೆ ಪರಿವರ್ತಿಸಿ, ಆಮೇಲೆ ಇನ್ನೊಮ್ಮೆ ಪೂರ್ತಿ ಓದಿ. ಒತ್ತಕ್ಷರ ಮತ್ತು ಅರ್ಕಾವೊತ್ತು ಕೆಡುವುದು ಪರಿವರ್ತನೆಯಲ್ಲೇ. ಪಿಡಿಎಫ್ ಕೂಡ ಜೊತೆಗಿಡಿ.

ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥ ಸ್ಪರ್ಧೆಗಳಿಗೆ ಹೊರಗೆ ಜಡಿಮಳೆ ಇರುವಾಗಲೇ ಕತೆ ಸಿದ್ಧವಾಗಬೇಕು. ಹಬ್ಬ ಹತ್ತಿರ ಬಂದಾಗ ಶುರು ಮಾಡಿದರೆ ತಡ. ಸ್ಪರ್ಧೆಗಳ ನಿಯಮದಲ್ಲಿ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ: ಕತೆ ಸ್ವಂತದ್ದಾಗಿರಬೇಕು, ಅನುವಾದ ಆಗಿರಬಾರದು, ಬೇರೆಲ್ಲೂ ಪ್ರಕಟವಾಗಿರಬಾರದು. ಫೇಸ್‌ಬುಕ್ಕಿನಲ್ಲಿ ಹಾಕಿದ್ದೂ ಪ್ರಕಟಣೆಯೇ. ಸ್ನೇಹಿತರಿಗೆ ತೋರಿಸಬೇಕು ಅನಿಸಿದರೆ ಇಮೇಲ್ ಮಾಡಿ. ಸುಮ್ನೆ ಒಂದು ಪೋಸ್ಟ್ ಹಾಕಿ ಒಳ್ಳೆಯ ಕತೆಯ ಮೊದಲ ಹಕ್ಕು ಕಳೆದುಕೊಳ್ಳಬೇಡಿ.

ಮೂರು ತಿಂಗಳು ಉತ್ತರ ಬಾರದಿದ್ದರೆ ಒಂದು ಚಿಕ್ಕ ಪತ್ರ ಬರೆಯಿರಿ. 'ಈ ಕತೆ ಇನ್ನೂ ನಿಮ್ಮ ಪರಿಶೀಲನೆಯಲ್ಲಿದೆಯೇ? ಇಲ್ಲವಾದರೆ ಬೇರೆಡೆ ಕಳಿಸುತ್ತೇನೆ.' ಇಷ್ಟೇ ಸಾಕು. ಒಂದೇ ಕತೆಯನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ. ಎರಡೂ ಕಡೆ ಬಂದುಬಿಟ್ಟರೆ ಇಬ್ಬರು ಸಂಪಾದಕರ ಮುಖ ನೋಡುವುದು ಕಷ್ಟ.

ಹೆಜ್ಜೆ 4: ನಮ್ಮ ಊರಿನ ಕತೆಯನ್ನು ಹೊರಗೆ ಕಳಿಸುವುದು

ಹೊರದೇಶದ ಸಂಪಾದಕರಿಗೆ ಅಮೆರಿಕದ ಬಾಹ್ಯಾಕಾಶ ನೌಕೆಯ ಕತೆಗಳು ರಾಶಿ ರಾಶಿ ಬರುತ್ತವೆ. ಅಘನಾಶಿನಿಯ ಗಜನಿ ಭೂಮಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳ, ಕತೆ ಬರುವುದಿಲ್ಲ. ಉಪ್ಪುನೀರು ನಿಂತರೂ ಬೆಳೆಯುವ ಕಗ್ಗ ಭತ್ತ ನಮ್ಮ ಕುಮಟಾದ ಕಡೆ ಇದೆ. ಸಮುದ್ರ ಏರುವ ಕಾಲದಲ್ಲಿ ಜಗತ್ತಿಗೇ ಬೇಕಾದ ಬೆಳೆ ಅದು. ಅದರ ಸುತ್ತ ಎಂಥ ಭವಿಷ್ಯದ ಕತೆ ಬರೆಯಬಹುದು, ಯೋಚಿಸಿ ನೋಡಿ. ಕಾಳಿ ನದಿಯ ದಡದಲ್ಲಿ ಕೈಗಾ ಅಣುಸ್ಥಾವರ ಇದೆ. ಅದರ ಒಂದನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬಗಳಿವೆ. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ನಿಂತರು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಕುಣಿಯುತ್ತದೆ. ಯಾಣದ ಕಪ್ಪು ಬಂಡೆ ನೋಡಿದವರಿಗೆ ಬೇರೆ ಗ್ರಹ ಬೇಕಾಗುವುದಿಲ್ಲ.

ಇದನ್ನು ಬರೆಯುವಾಗ ವಿದೇಶದ ಓದುಗರಿಗೆ ಅರ್ಥವಾಗಲಿ ಎಂದು ಪ್ರತಿ ಪದಕ್ಕೂ ವಿವರಣೆ ತುರುಕಬೇಡಿ. ಚೆಂಡೆ ಎಂದರೆ ಏನು ಎಂದು ಹೇಳುವ ಬದಲು ಅದರ ಪೆಟ್ಟಿಗೆ ಎದೆ ನಡುಗಿದ್ದನ್ನು ಬರೆಯಿರಿ. ಓದುಗರು ಜಾಣರು, ಹಿಂಬಾಲಿಸುತ್ತಾರೆ. ಇನ್ನೊಂದು ಕಾಳಜಿಯ ಮಾತು. ಹಾಲಕ್ಕಿ ಒಕ್ಕಲಿಗರ, ಸಿದ್ದಿಗಳ ನಂಬಿಕೆ ಮತ್ತು ಹಾಡುಗಳನ್ನು ಕತೆಗೆ ತರುವುದಾದರೆ ಅವರ ಜೊತೆ ಕೂತು ಮಾತಾಡಿ, ಬರೆದದ್ದನ್ನು ಓದಿ ಹೇಳಿ, ಬೇಡ ಎಂದದ್ದನ್ನು ಬಿಡಿ. ಹೊರಗಿನವರು ನಮ್ಮನ್ನು ವಿಚಿತ್ರವಾಗಿ ತೋರಿಸಿದಾಗ ನಮಗೆ ನೋಯುತ್ತದೆ ಅಲ್ವಾ? ಅವರಿಗೂ ಹಾಗೇ.

ಈಗ ಮಾರುಕಟ್ಟೆ. ಅಮೆರಿಕದ ಸೈಫೈ, ಫ್ಯಾಂಟಸಿ ಬರಹಗಾರರ ಸಂಘ ಎಸ್‌ಎಫ್‌ಡಬ್ಲ್ಯುಎ 2019ರಲ್ಲಿ ವೃತ್ತಿಪರ ದರ ಎಂದರೆ ಪದಕ್ಕೆ ಕನಿಷ್ಠ 8 ಸೆಂಟ್ ಎಂದು ಗೊತ್ತುಮಾಡಿತು. 4,000 ಪದದ ಕತೆಗೆ 320 ಡಾಲರ್ ಆಯಿತು. 2006ರಲ್ಲಿ ಶುರುವಾದ ಕ್ಲಾರ್ಕ್ಸ್‌ವರ್ಲ್ಡ್, 2000ದಲ್ಲಿ ಶುರುವಾದ ಸ್ಟ್ರೇಂಜ್ ಹೊರೈಜನ್ಸ್, ಅನ್‌ಕ್ಯಾನಿ ಈ ಇಂಗ್ಲಿಷ್ ಪತ್ರಿಕೆಗಳೆಲ್ಲ ಅದಕ್ಕಿಂತ ಹೆಚ್ಚು ಕೊಡುತ್ತವೆ. ಕತೆ ಕಳಿಸಲು ಇಲ್ಲಿ ಶುಲ್ಕ ಇಲ್ಲ. ಓದುವುದಕ್ಕೇ ಹಣ ಕೇಳುವ ಕತೆ ಪತ್ರಿಕೆ ಕಂಡರೆ ದೂರ ಇರಿ. ಮೇಲಿನ ದರದಿಂದ ಶುರುಮಾಡಿ ಕೆಳಗೆ ಬನ್ನಿ. ತಿರಸ್ಕಾರ ಬಂದ ದಿನವೇ ಅದೇ ಕತೆಯನ್ನು ಪಟ್ಟಿಯ ಮುಂದಿನ ಪತ್ರಿಕೆಗೆ ಕಳಿಸಿ. ಕತೆ ಮನೆಯಲ್ಲಿ ಕೂತಿದ್ದರೆ ಅದನ್ನು ಯಾರೂ ಕೊಳ್ಳುವುದಿಲ್ಲ.

ಎಐ ಬಳಸಿ ಬರೆದ ಕತೆ ಕಳಿಸಬೇಡಿ. 2023ರ ಫೆಬ್ರವರಿಯಲ್ಲಿ ಇಂಥ ಕತೆಗಳ ಪ್ರವಾಹ ತಡೆಯಲಾರದೆ ಕ್ಲಾರ್ಕ್ಸ್‌ವರ್ಲ್ಡ್ ಕೆಲವು ವಾರ ಬಾಗಿಲು ಮುಚ್ಚಬೇಕಾಯಿತು. ಅಂದಿನಿಂದ ಎಲ್ಲ ಕಡೆ ನಿಯಮ ಬಿಗಿಯಾಗಿದೆ.

ಕನ್ನಡದಲ್ಲಿ ಆಗಲೇ ಬಂದ ಕತೆಯನ್ನು ಇಂಗ್ಲಿಷಿಗೆ ಕಳಿಸಬಹುದಾ? ಪತ್ರಿಕೆಯಿಂದ ಪತ್ರಿಕೆಗೆ ನಿಯಮ ಬೇರೆ. ಕೆಲವರಿಗೆ ಅದು ಹೊಸ ಕತೆ, ಕೆಲವರಿಗೆ ಮರುಮುದ್ರಣ. ಜೊತೆಯ ಪತ್ರದಲ್ಲಿ ಒಂದು ಸಾಲು ಸ್ಪಷ್ಟವಾಗಿ ಬರೆಯಿರಿ: ಈ ಕತೆ ಮೊದಲು ಕನ್ನಡದಲ್ಲಿ ಇಂಥ ಪತ್ರಿಕೆಯಲ್ಲಿ ಬಂದಿದೆ, ಅನುವಾದ ಇಂಥವರದು. ಅನುವಾದಕ್ಕೇ ಮೀಸಲಾದ ಸಮೋವರ್ ಎಂಬ ಪತ್ರಿಕೆ ಇದೆ. ಸ್ಟ್ರೇಂಜ್ ಹೊರೈಜನ್ಸ್‌ನವರದ್ದೇ. ಅದು ಮೂಲ ಭಾಷೆಯ ಪಠ್ಯವನ್ನೂ ಇಂಗ್ಲಿಷ್ ಅನುವಾದವನ್ನೂ ಒಟ್ಟಿಗೆ ಪ್ರಕಟಿಸುತ್ತದೆ. ಜಗತ್ತಿನ ಓದುಗರ ಮುಂದೆ ಕನ್ನಡ ಅಕ್ಷರದಲ್ಲೇ ನಿಮ್ಮ ಕತೆ ಇರುತ್ತದೆ. ನನಗೆ ಅದು ಹಣಕ್ಕಿಂತ ದೊಡ್ಡದು. ಅನುವಾದ ಮಾಡಿದವರು ಬೇರೆಯವರಾದರೆ ಹಣ ಹೇಗೆ ಹಂಚಿಕೊಳ್ಳಬೇಕು ಎಂದು ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳಿ. ಸ್ನೇಹ ಉಳಿಯುತ್ತದೆ.

ಹಸ್ತಪ್ರತಿಯ ರೂಪಕ್ಕೆ ಶನ್ ಮಾದರಿ ಎಂಬುದು ಬಳಕೆಯಲ್ಲಿದೆ. ಸಾದಾ ಅಕ್ಷರ, ಸಾಲಿನ ನಡುವೆ ಎರಡು ಪಟ್ಟು ಜಾಗ, ಮೊದಲ ಪುಟದ ಎಡಕ್ಕೆ ನಿಮ್ಮ ವಿಳಾಸ, ಬಲಕ್ಕೆ ಪದಗಳ ಸಂಖ್ಯೆ. ಚಿತ್ರ, ಬಣ್ಣ, ಅಂಚು ಯಾವುದೂ ಬೇಡ.

ಹೆಜ್ಜೆ 5: ಹಣ ಕೈಗೆ ಬರುವುದು

ಕನ್ನಡ ಪತ್ರಿಕೆಯ ಗೌರವಧನಕ್ಕೆ ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಪ್ಯಾನ್ ಸಾಕು. ಕತೆಯ ಕೊನೆಯ ಪುಟದಲ್ಲೇ ಇವನ್ನು ಬರೆದು ಕಳಿಸಿದರೆ ಅವರಿಗೂ ಅನುಕೂಲ.

ವಿದೇಶಿ ಹಣ ಹೆಚ್ಚಾಗಿ ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯ ಮೂಲಕ ಬರುತ್ತದೆ. ಭಾರತದ ಖಾತೆಯಲ್ಲಿ ಪೇಪಾಲ್ ಹಣವನ್ನು ಅಲ್ಲೇ ಕೂಡಿಡಲು ಆಗುವುದಿಲ್ಲ, ತಾನಾಗಿಯೇ ನಿಮ್ಮ ಬ್ಯಾಂಕಿಗೆ ಬರುತ್ತದೆ. ಯಾವ ಕೆಲಸಕ್ಕೆ ಬಂದ ಹಣ ಎಂಬ ಪರ್ಪಸ್ ಕೋಡ್ ಆಯ್ಕೆ ಮಾಡಬೇಕು. ಸ್ನೇಹಿತರಿಗೆ ಕಳಿಸುವ ರೀತಿಯ ಪಾವತಿ ನಮ್ಮ ದೇಶದ ಖಾತೆಗೆ ಬರುವುದಿಲ್ಲ. ಸಂಪಾದಕರಿಗೆ ಮೊದಲೇ ಹೇಳಿ, ಸೇವೆಯ ಪಾವತಿ ಎಂದೇ ಕಳಿಸಲಿ. ಶುಲ್ಕ, ಡಾಲರ್ ಬದಲಾವಣೆ ಎಲ್ಲ ಕಳೆದು ಕೈಗೆ ಬರುವುದು ಕಡಿಮೆಯೇ. ಆ ಕಡಿಮೆ ಮೊತ್ತವನ್ನೇ ಪುಸ್ತಕದಲ್ಲಿ ಬರೆಯಿರಿ. ಹಣ ಬಂದದ್ದಕ್ಕೆ ಸಿಗುವ ಎಫ್‌ಐಆರ್‌ಎ ಪತ್ರವನ್ನು ಇಳಿಸಿಕೊಂಡು ಇಟ್ಟುಕೊಳ್ಳಿ, ತೆರಿಗೆ ಲೆಕ್ಕಕ್ಕೆ ಬೇಕು.

ಅಮೆರಿಕದ ಕೆಲವು ಪ್ರಕಾಶಕರು ಡಬ್ಲ್ಯು-8ಬೆನ್ ಎಂಬ ನಮೂನೆ ಕೇಳುತ್ತಾರೆ. ನೀವು ಅಮೆರಿಕದವರಲ್ಲ ಎಂದು ಹೇಳುವ ಕಾಗದ ಅದು. ನಮ್ಮ ಪ್ಯಾನ್ ಸಂಖ್ಯೆಯನ್ನು ಅದರಲ್ಲಿ ಬರೆಯಬಹುದು. ಸಹಿ ಮಾಡಿದ ವರ್ಷದ ನಂತರ ಮೂರನೇ ವರ್ಷದ ಕೊನೆಯವರೆಗೆ ಅದು ನಡೆಯುತ್ತದೆ. ಬಂದ ಹಣ ನಿಮ್ಮ ಆದಾಯ, ಹಾಗಾಗಿ ರಿಟರ್ನ್‌ನಲ್ಲಿ ತೋರಿಸಿ. ಪುಸ್ತಕದ ರಾಯಲ್ಟಿಗೆ ಸಿಗುವ ವಿನಾಯಿತಿ ಪತ್ರಿಕೆಯ ಕತೆಗೆ ಸಿಗುವುದಿಲ್ಲ. ಊರಿನ ಒಬ್ಬ ಲೆಕ್ಕಪರಿಶೋಧಕರನ್ನು ವರ್ಷಕ್ಕೊಮ್ಮೆ ಕೇಳಿದರೆ ನೆಮ್ಮದಿ.

ಬಂದ ಹಣದಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ, ಸಮ್ಮೇಳನದ ಖರ್ಚಿಗೆ ಎಂದು. ಮನೆಯ ಖರ್ಚಿನಿಂದ ಕಿತ್ತು ಸಮ್ಮೇಳನಕ್ಕೆ ಹೋದರೆ ಅಲ್ಲಿ ಕೂತಾಗ ಮನಸ್ಸು ಮನೆಯಲ್ಲೇ ಇರುತ್ತದೆ. ಕತೆಯ ಹಣದಲ್ಲಿ ಹೋದರೆ ಮನೆಯವರಿಗೂ ಸಮಾಧಾನ.

ಹೆಜ್ಜೆ 6: ಹತ್ತಿರದ ಸಮ್ಮೇಳನಗಳು ಮೊದಲು

ತಾಲ್ಲೂಕು, ಜಿಲ್ಲಾ ಸಾಹಿತ್ಯ ಸಮ್ಮೇಳನಗಳಲ್ಲಿ ಕಥಾಗೋಷ್ಠಿಗೆ ಹೆಸರು ಕೊಡಿ. ಪರಿಷತ್ತಿನ ತಾಲ್ಲೂಕು ಅಧ್ಯಕ್ಷರನ್ನು ಭೇಟಿಯಾಗಿ, ವಿಜ್ಞಾನ ಕತೆಗೆ ಒಂದು ಗೋಷ್ಠಿ ಇಡಿ ಎಂದು ಕೇಳಿ. ಶಾಲೆ, ಕಾಲೇಜಿನ ಮಕ್ಕಳು ಬಂದು ಕೂರುವ ಗೋಷ್ಠಿ ಅದೇ ಆಗುತ್ತದೆ.

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ 86ನೆಯದು 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆಯಿತು, ಶಿರಸಿಯವರಿಗೆ ಪಕ್ಕದ ಊರು. 87ನೆಯದು 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ. ಸರ್ಕಾರಿ ನೌಕರಿಯಲ್ಲಿರುವವರು ಮೊದಲೇ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡರೆ ಓಓಡಿ (ರಜೆ ಹಾಕದೆ ಹೋಗುವ ಅನುಮತಿ) ಸಿಗುತ್ತದೆ. ಹಾಜರಾತಿ ಪತ್ರ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಅಲ್ಲಿಯ ಜನಸಾಗರದಲ್ಲಿ ಸಂಪಾದಕರ ಜೊತೆ ಸಮಾಧಾನವಾಗಿ ಮಾತಾಡುವುದು ಕಷ್ಟ. ಪುಸ್ತಕ ಮಳಿಗೆಗಳಲ್ಲಿ ಪ್ರಕಾಶಕರನ್ನು ಬೆಳಿಗ್ಗೆ, ಜನ ಸೇರುವ ಮೊದಲು ಭೇಟಿಯಾಗಿ.

ಧಾರವಾಡದ ಸಾಹಿತ್ಯ ಸಂಭ್ರಮ ನಡೆಯುವ ವರ್ಷ ಅದು ನಮ್ಮ ಜಿಲ್ಲೆಗೆ ಹತ್ತಿರದ್ದು, ಅಲ್ಲಿ ಮಾತುಕತೆಗೆ ಬಿಡುವು ಸಿಗುತ್ತದೆ. ಬೆಂಗಳೂರು ಸಾಹಿತ್ಯ ಉತ್ಸವ 2012ರಿಂದ ನಡೆಯುತ್ತಿದೆ, ಪ್ರವೇಶಕ್ಕೆ ಹಣ ಇಲ್ಲ. ಇಂಗ್ಲಿಷ್ ಪ್ರಕಾಶಕರು, ಅನುವಾದಕರು ಸಿಗುವ ಜಾಗ ಅದು. ನನ್ನ ಕೇಳಿದರೆ, ವರ್ಷಕ್ಕೆ ಒಂದೇ ಕಡೆ ಹೋಗಲು ಸಾಧ್ಯ ಅನ್ನುವವರು ಧಾರವಾಡ ಆರಿಸಿಕೊಳ್ಳಲಿ, ಕನ್ನಡದಲ್ಲೇ ಬರೆಯುವವರಾದರೆ. ಅನುವಾದಕರನ್ನು ಹುಡುಕುತ್ತಿರುವವರು ಬೆಂಗಳೂರಿಗೆ ಹೋಗಲಿ.

ಹೆಜ್ಜೆ 7: ವರ್ಲ್ಡ್‌ಕಾನ್

ಜಗತ್ತಿನ ಸೈಫೈ ಓದುಗರು, ಬರಹಗಾರರು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನ ಇದು. ಮೊದಲನೆಯದು 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಇದರ ಸದಸ್ಯರು ಮತ ಹಾಕಿ ಆರಿಸುವ ಹ್ಯೂಗೋ ಪ್ರಶಸ್ತಿಗಳನ್ನು 1953ರಲ್ಲಿ ಮೊದಲ ಬಾರಿ ಕೊಟ್ಟರು. ಪ್ರತಿ ವರ್ಷ ಬೇರೆ ಊರು, ಬೇರೆ ಸ್ವಯಂಸೇವಕರ ತಂಡ. 2023ರಲ್ಲಿ ಚೀನಾದ ಚೆಂಗ್ಡು, 2024ರಲ್ಲಿ ಗ್ಲಾಸ್ಗೋ, 2025ರಲ್ಲಿ ಸಿಯಾಟಲ್. 2026ರದ್ದು ಲಾಸ್ ಏಂಜಲಿಸ್ ಪಕ್ಕದ ಅನಾಹೈಮ್‌ನಲ್ಲಿ, ಆಗಸ್ಟ್ 27ರಿಂದ 31. 2027ರದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ.

ನಮ್ಮ ಸಮ್ಮೇಳನಗಳ ರೂಢಿಗೂ ಅಲ್ಲಿಯದಕ್ಕೂ ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ವೇದಿಕೆಗೆ ಕರೆದವರಿಗೆ ಶಾಲು, ಹಾರ, ಪ್ರಯಾಣದ ಖರ್ಚು. ಅಲ್ಲಿ ವೇದಿಕೆಯಲ್ಲಿ ಕೂತು ಮಾತಾಡುವವರೂ ಸಾಮಾನ್ಯವಾಗಿ ಸದಸ್ಯತ್ವದ ಹಣ ಕಟ್ಟಿ ಬಂದಿರುತ್ತಾರೆ. ಯಾರೂ ನಿಮ್ಮನ್ನು ಕರೆಯಲಿ ಎಂದು ಕಾಯಬೇಡಿ. ಸಮ್ಮೇಳನಕ್ಕೆ ಹಲವು ತಿಂಗಳು ಮೊದಲು ಕಾರ್ಯಕ್ರಮದಲ್ಲಿ ಭಾಗವಹಿಸುವ ಇಚ್ಛೆ ಇದೆಯಾ ಎಂದು ಕೇಳುವ ಅರ್ಜಿ ಬಿಡುತ್ತಾರೆ. ಅದನ್ನು ತುಂಬಿ. ಯಾವ ವಿಷಯ ಮಾತಾಡಬಲ್ಲಿರಿ ಎಂದು ಬರೆಯುವಾಗ 'ಭಾರತೀಯ ಸೈಫೈ' ಎಂದು ಅಗಲವಾಗಿ ಬರೆಯಬೇಡಿ. 'ಕರಾವಳಿಯ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಗಳು', 'ಅಣುಸ್ಥಾವರದ ಪಕ್ಕದ ಹಳ್ಳಿಯ ಬದುಕು ಮತ್ತು ಭವಿಷ್ಯದ ಕತೆ' ಎಂದು ನಿಖರವಾಗಿ ಬರೆಯಿರಿ. ನಿಮ್ಮನ್ನು ಬಿಟ್ಟರೆ ಬೇರೆಯವರು ಹೇಳಲಾಗದ ವಿಷಯ ಇದ್ದರೆ ಅವಕಾಶ ಹತ್ತಿರ ಬರುತ್ತದೆ.

ಸದಸ್ಯತ್ವಕ್ಕೆ ಎರಡು ಭಾಗ. ಒಂದು, ಹ್ಯೂಗೋ ಮತ ಹಾಕುವ ಹಕ್ಕು ಕೊಡುವ ಮೂಲ ಸದಸ್ಯತ್ವ. ಇನ್ನೊಂದು, ಹೋಗಿ ಕೂರಲು ಬೇಕಾದ ಹೆಚ್ಚುವರಿ ಹಣ. ಬೇಗ ಕಟ್ಟಿದರೆ ಕಡಿಮೆ, ತಡವಾದಷ್ಟೂ ಜಾಸ್ತಿ. ಕಂತಿನಲ್ಲಿ ಕಟ್ಟುವ ಅನುಕೂಲ ಇದೆಯಾ ಎಂದು ಕೇಳಿ. ಡ್ರೀಮ್ ಫೌಂಡ್ರಿ ಎಂಬ ಸಂಸ್ಥೆ ಕಾನ್ ಆರ್ ಬಸ್ಟ್ ಎಂಬ ನಿಧಿ ನಡೆಸುತ್ತದೆ. ಬಿಳಿಯರಲ್ಲದ ಬರಹಗಾರರು, ಓದುಗರು ಸಮ್ಮೇಳನಕ್ಕೆ ಹೋಗಲು ಸಹಾಯ ಮಾಡುವ ನಿಧಿ ಅದು. ಅರ್ಜಿ ಹಾಕಲು ಸಂಕೋಚ ಬೇಡ.

ಹೋಗಲಾಗದಿದ್ದರೆ ಆನ್‌ಲೈನ್. ಗ್ಲಾಸ್ಗೋ, ಸಿಯಾಟಲ್ ಎರಡೂ ಆನ್‌ಲೈನ್ ಸದಸ್ಯತ್ವ ಇಟ್ಟಿದ್ದವು. ಸಮಯದ ಲೆಕ್ಕ ಮೊದಲೇ ಹಾಕಿ. ಅನಾಹೈಮ್‌ನಲ್ಲಿ ಬೆಳಿಗ್ಗೆ 10 ಗಂಟೆ ಎಂದರೆ ನಮಗೆ ರಾತ್ರಿ 10.30. ಮಾಂಟ್ರಿಯಲ್‌ನ ಬೆಳಿಗ್ಗೆ 10 ನಮಗೆ ಸಂಜೆ 7.30. ಮನೆಯಲ್ಲಿದ್ದುಕೊಂಡು ನೋಡುವವರಿಗೆ ಮಾಂಟ್ರಿಯಲ್ ಅನುಕೂಲ. ಮಳೆಗಾಲದಲ್ಲಿ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಕರೆಂಟು, ನೆಟ್‌ವರ್ಕ್ ನಂಬುವಂತಿಲ್ಲ. ನೀವು ಮಾತಾಡುವ ಗೋಷ್ಠಿ ಇದ್ದರೆ ಆ ಎರಡು ದಿನ ಪೇಟೆಯ ನೆಂಟರ ಮನೆಯಲ್ಲಿ ಉಳಿಯಿರಿ.

ಹೆಜ್ಜೆ 8: ವೀಸಾ, ಮತ್ತು ಮಳೆಯಲ್ಲಿ ಹೊರಡುವುದು

ಪಾಸ್‌ಪೋರ್ಟ್ ಇಲ್ಲದವರು ಇವತ್ತೇ ಅರ್ಜಿ ಹಾಕಿ. ಅಮೆರಿಕಕ್ಕೆ ಸ್ವಲ್ಪ ದಿನದ ಭೇಟಿಗೆ ಬೇಕಾದ ಬಿ1/ಬಿ2 ವೀಸಾಕ್ಕೆ ಡಿಎಸ್-160 ಅರ್ಜಿ, 185 ಡಾಲರ್ ಅರ್ಜಿ ಶುಲ್ಕ, ನೇರ ಸಂದರ್ಶನ. ಸಂದರ್ಶನದ ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ಒಂದು ವರ್ಷ ಮೊದಲೇ ಶುರುಮಾಡಿ. ಕೆನಡಾದ ಪ್ರವಾಸಿ ವೀಸಾಕ್ಕೆ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಫೋಟೋಗೆ 85. ಬೆರಳಚ್ಚನ್ನು ಬೆಂಗಳೂರಿನಲ್ಲೇ ಕೊಡಬಹುದು. ವೀಸಾ ಸಿಗುವ ಮೊದಲು ವಾಪಸ್ ಹಣ ಬಾರದ ಟಿಕೆಟ್ ತೆಗೆಯಬೇಡಿ.

ಸಂದರ್ಶನಕ್ಕೆ ಸಮ್ಮೇಳನದ ಸದಸ್ಯತ್ವ, ಕಾರ್ಯಕ್ರಮದ ಆಹ್ವಾನ ಪತ್ರ, ಪ್ರಕಟವಾದ ಕತೆಗಳ ಪ್ರತಿ, ಊರಿನಲ್ಲಿ ನಿಮ್ಮ ಕೆಲಸ ಅಥವಾ ಜಮೀನಿನ ದಾಖಲೆ ಇಟ್ಟುಕೊಳ್ಳಿ. ಏಕೆ ಹೋಗುತ್ತೀರಿ ಎಂದು ಕೇಳಿದರೆ ಎರಡು ವಾಕ್ಯದಲ್ಲಿ ಹೇಳಿ. ನಾನು ಕತೆಗಾರ್ತಿ, ಈ ಸಮ್ಮೇಳನದಲ್ಲಿ ಇಂಥ ದಿನ ಮಾತಾಡುತ್ತೇನೆ, ಇಂಥ ದಿನ ವಾಪಸ್ ಬರುತ್ತೇನೆ.

ವರ್ಲ್ಡ್‌ಕಾನ್ ಹೆಚ್ಚಾಗಿ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಬರುತ್ತದೆ. ನಮಗೆ ಅದು ಮಳೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿ ಆಯಿತು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆ ತಿಂಗಳು ನೆನಪಿದ್ದವರು ವಿಮಾನದ ಹಿಂದಿನ ದಿನ ಮನೆ ಬಿಡುವುದಿಲ್ಲ. ಎರಡು ದಿನ ಮೊದಲೇ ಬೆಂಗಳೂರು ಅಥವಾ ಗೋವಾ ಸೇರಿಕೊಳ್ಳಿ. ಕಾರವಾರದಿಂದ ಬೆಂಗಳೂರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆ, ನೋಡಿಕೊಳ್ಳಿ. ಶಿರಸಿಗೆ ರೈಲಿಲ್ಲ. ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವ ಬದಲು ಹಾವೇರಿ ಅಥವಾ ಹುಬ್ಬಳ್ಳಿ ಕಡೆ ಹೋಗುವುದು ಮಳೆಯಲ್ಲಿ ಕ್ಷೇಮ.

ಗೋವಾದಿಂದ ಹಾರುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ದಾಬೋಲಿಂ ಕಾರವಾರಕ್ಕೆ ಹತ್ತಿರ. 2023ರ ಜನವರಿಯಲ್ಲಿ ಶುರುವಾದ ಮೋಪಾ ಗೋವಾದ ಉತ್ತರದ ತುದಿಯಲ್ಲಿದೆ. ಟಿಕೆಟ್ಟಿನಲ್ಲಿ ದಾಬೋಲಿಂಗೆ ಜಿಒಐ, ಮೋಪಾಕ್ಕೆ ಜಿಒಎಕ್ಸ್ ಎಂದು ಇರುತ್ತದೆ. ಕ್ಯಾಬ್ ಹೇಳುವ ಮೊದಲು ಆ ಮೂರು ಅಕ್ಷರ ಓದಿ.

ಹೆಜ್ಜೆ 9: ಅಲ್ಲಿ ಹೋದ ಮೇಲೆ, ಮತ್ತು ವಾಪಸ್ ಬಂದ ಮೇಲೆ

ದಿನಕ್ಕೆ ಮೂರು ಗೋಷ್ಠಿ ಸಾಕು. ಉಳಿದ ಸಮಯ ಕಾರಿಡಾರಿನಲ್ಲಿ, ಪುಸ್ತಕ ಮಳಿಗೆಯಲ್ಲಿ ಕಳೆಯಿರಿ. ಒಬ್ಬ ಬರಹಗಾರರ ಜೊತೆ ಹತ್ತು ಜನ ಕೂತು ಮಾತಾಡುವ ಚಿಕ್ಕ ಮೇಜು ಕೂಟಗಳಿರುತ್ತವೆ. ಅವಕ್ಕೆ ಮೊದಲೇ ಹೆಸರು ಕೊಡಬೇಕು. ಸಂಪಾದಕರ ಕೂಟಕ್ಕೆ ಹೆಸರು ಕೊಡಿ, ಆದರೆ ಹಸ್ತಪ್ರತಿ ಕೈಗೆ ಕೊಡಬೇಡಿ. ಅವರು ಪ್ರಕಟಿಸಿದ ಒಂದು ಕತೆ ಓದಿಕೊಂಡು ಹೋಗಿ, ಅದರ ಬಗ್ಗೆ ಕೇಳಿ. ನಿಮ್ಮ ಹೆಸರು, ಪ್ರಕಟವಾದ ಕತೆಗಳ ಕೊಂಡಿ ಇರುವ ಚಿಕ್ಕ ಕಾರ್ಡ್ ಶಿರಸಿಯಲ್ಲೇ ಅಚ್ಚು ಹಾಕಿಸಿಕೊಂಡು ಹೋಗಿ. ಕತೆ ಓದುವ ಅವಕಾಶ ಸಿಕ್ಕರೆ ಮೊದಲ ಎರಡು ಸಾಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷ್. ಸಭೆ ತಟ್ಟನೆ ಮೌನವಾಗುತ್ತದೆ, ಕಿವಿಗೊಡುತ್ತದೆ.

ವಾಪಸ್ ಬಂದ ವಾರದಲ್ಲೇ ಭೇಟಿಯಾದವರಿಗೆ ಇಮೇಲ್ ಮಾಡಿ. 'ಕತೆ ಕಳಿಸಿ' ಎಂದ ಸಂಪಾದಕರಿಗೆ ಕತೆ ಕಳಿಸಿ, ಯಾವ ದಿನ ಎಲ್ಲಿ ಮಾತಾಡಿದೆವು ಎಂಬ ಒಂದು ಸಾಲಿನ ಜೊತೆ. ಖರ್ಚಿನ ಚೀಟಿಗಳನ್ನು ಲೆಕ್ಕದ ಪುಸ್ತಕಕ್ಕೆ ಸೇರಿಸಿ.

ಜನವರಿಯಲ್ಲಿ, ಹಿಂದಿನ ವರ್ಷ ಪ್ರಕಟವಾದ ನಿಮ್ಮ ಕತೆಗಳ ಪಟ್ಟಿ ಮಾಡಿ, ಯಾವುದು ಹ್ಯೂಗೋದ ಯಾವ ವಿಭಾಗಕ್ಕೆ ಬರುತ್ತದೆ ಎಂದು ಬರೆದು ಹಂಚಿ. ಹೊಸ ಬರಹಗಾರರಿಗೆ ಇರುವ ಆಸ್ಟೌಂಡಿಂಗ್ ಪ್ರಶಸ್ತಿಗೆ ಮೊದಲ ವೃತ್ತಿಪರ ಪ್ರಕಟಣೆಯಿಂದ ಎರಡು ವರ್ಷ ಮಾತ್ರ ಅವಕಾಶ. ಆ ಗಡುವು ಪುಸ್ತಕದಲ್ಲಿರಲಿ. ಈ ವರ್ಷದ ಸದಸ್ಯರು ಮುಂದಿನ ವರ್ಷದ ಹ್ಯೂಗೋಗೂ ಹೆಸರು ಸೂಚಿಸಬಹುದು, ಆದರೆ ಕೊನೆಯ ಮತ ಹಾಕಲು ಆ ವರ್ಷದ ಸದಸ್ಯತ್ವವೇ ಬೇಕು. ಸೂಚಿಸುವ ಹಾಳೆಯಲ್ಲಿ ಪ್ರತಿ ವಿಭಾಗಕ್ಕೆ ಐದು ಜಾಗ ಇರುತ್ತದೆ. ವರ್ಷವಿಡೀ ಓದಿದ್ದರಲ್ಲಿ ಇಷ್ಟವಾದ ಕತೆಗಳನ್ನು ಅಲ್ಲಿ ಬರೆಯಿರಿ, ಅನುವಾದವಾಗಿ ಬಂದ ಕತೆಗಳನ್ನು ಹುಡುಕಿ ಓದಿ ಸೇರಿಸಿ.